ಗುಬ್ಬಿಗೆ ಹಾಕಿಸಿದ ಫ್ಲೆಕ್ಸ್

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ವಾಮದೇವಪ್ಪ ಮೇಷ್ಟ್ರಿಗೆ ತಮ್ಮ ಬಗ್ಗೆ ತಮಗೇ ಹೆಮ್ಮೆಯಾಯಿತು. ಆರಡಿ ಅಗಲ, ನಾಲ್ಕಡಿ ಎತ್ತರ. ನಟ್ಟನಡುವೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಒಂದು ಗಂಡು ಗುಬ್ಬಿ. ಅದರ ಕೊರಳಿಗೆ ಕಂಪ್ಯೂಟರಿನವನು ಹಾಕಿದ ಗಂಧದ ಹಾರ, ಅಕ್ಕಪಕ್ಕ ಉರಿಯುವ ಎರಡು ದೀಪ. ಮೇಲೆ ದಪ್ಪಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ, ‘ಹನ್ನೆರಡು ವಾರ ಹುಡುಕಿದರೂ ನಮ್ಮ ವಾರ್ಡಿನಲ್ಲಿ ಸಿಗದ ಗುಬ್ಬಚ್ಚಿಗೆ. ಇಂತಿ, ದುಃಖತಪ್ತ ಹಸಿರು ಬಳಗ.’ ದಾವಣಗೆರೆಯಲ್ಲಿ ಯಾರು ತೀರಿಕೊಂಡರೂ ಸಂಜೆಯೊಳಗೆ ಸರ್ಕಲ್ಲಿನಲ್ಲಿ ಇಂಥದ್ದೊಂದು ಎದ್ದು ನಿಲ್ಲುತ್ತದೆ. ಮನುಷ್ಯರಿಗೆ ಇದ್ದದ್ದು ಗುಬ್ಬಿಗೆ ಯಾಕಿರಬಾರದು ಎಂಬ ಯೋಚನೆ ಮೇಷ್ಟ್ರಿಗೆ ಸ್ನಾನ ಮಾಡುವಾಗ ಹೊಳೆದದ್ದು. ಗುರುವಾರ ಹರಿಹರದಲ್ಲಿ ಜಿಲ್ಲೆಯ ಶಾಲೆಗಳ ಪರಿಸರ ಸಮಾವೇಶವಿತ್ತು. ಅಲ್ಲಿ ವೇದಿಕೆಯ ಹಿಂದೆ ಈ ಫ್ಲೆಕ್ಸ್ ಇಳಿಬಿಟ್ಟರೆ ಕಲ್ಲೆದೆಯವರ ಕಣ್ಣಲ್ಲೂ ನೀರು ಬರುತ್ತದೆ ಎಂದು ಅವರಿಗೆ ಖಾತ್ರಿಯಿತ್ತು.

ಗುಬ್ಬಿ ಸತ್ತ ಈ ಸುದ್ದಿ ಹುಟ್ಟಿದ್ದು ಎಲ್ಲಿ ಎಂದು ಮೊದಲು ಹೇಳಿಬಿಡಬೇಕು.

ವಾಮದೇವಪ್ಪನವರು ಇಪ್ಪತ್ತೆಂಟು ವರ್ಷದಿಂದ ಅದೇ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಮನೆ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ. ಒಳ್ಳೆಯ ಮನುಷ್ಯ, ಒಳ್ಳೆಯ ಪಾಠ, ಆದರೆ ಸಾಕ್ಷಿ ಎಂಬ ಒಂದು ಮಾತಿನ ಹುಚ್ಚು. ಹೆಂಡತಿ ಅಕ್ಕನಾಗಮ್ಮ ಅಡುಗೆಮನೆಯಿಂದ ಉಪ್ಪು ಮುಗಿದಿದೆ ಎಂದು ಕೂಗಿದರೂ ಎದ್ದು ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿದ ಮೇಲೆಯೇ ಚೀಲ ಹಿಡಿಯುವವರು. ದೀಪಾವಳಿ ರಜೆ ಮುಗಿದ ಮೇಲೆ ಎಂಟನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಹಸಿರು ಬಳಗ ಶುರು ಮಾಡಿದರು. ಹುಲಿ, ಸಿಂಹ, ಹಿಮಕರಡಿ ಎಲ್ಲ ಮಕ್ಕಳಿಗೆ ಬಾಯಿಪಾಠ. ಶಾಲೆಯ ಕಾಂಪೌಂಡಿನ ಮೇಲೆ ಕೂರುವ ಹಕ್ಕಿಯ ಹೆಸರು ಕೇಳಿದರೆ ಒಬ್ಬರಿಗೂ ಬಾರದು. ಈ ನಾಚಿಕೆಗೇಡು ತಪ್ಪಬೇಕು, ಮಕ್ಕಳು ತಮ್ಮ ಓಣಿಯ ಗಿಡ, ಹಕ್ಕಿ, ಹುಳ ಎಲ್ಲವನ್ನೂ ತಾವೇ ನೋಡಿ ಬರೆಯಬೇಕು ಎಂಬುದು ಅವರ ಆಸೆ. ಮೂರು ಕಟ್ಟುನಿಟ್ಟಿನ ನಿಯಮ ಮಾಡಿದರು. ಕಣ್ಣಾರೆ ನೋಡಬೇಕು, ನೋಡಿದ ಕೂಡಲೇ ಬರೆಯಬೇಕು, ಅನುಮಾನ ಇದ್ದರೆ ಬರೆಯಬಾರದು.

ಬಳಗಕ್ಕೆ ಸಮಯ ಸಿಕ್ಕಿದ್ದು ಶುಕ್ರವಾರದ ಕೊನೆಯ ಎರಡು ಪೀರಿಯಡ್ಡು. ಬೇರೆ ದಿನ ಬಿಟ್ಟುಕೊಡಲು ಯಾವ ಮೇಷ್ಟ್ರೂ ತಯಾರಿರಲಿಲ್ಲ. ಸರಿ, ಪ್ರತಿ ಶುಕ್ರವಾರ ಮೂರು ಗಂಟೆಗೆ ಇಪ್ಪತ್ತೆರಡು ಮಕ್ಕಳ ಸಾಲು ಗೇಟು ದಾಟಿ, ಶಾಲೆಯ ಹಿಂದಿನ, ಮಂಡಕ್ಕಿ ಹುರಿಯುವ ಭಟ್ಟಿಗಳ ಓಣಿಗಳಲ್ಲಿ ಸುತ್ತಿ, ಚರಂಡಿ ದಂಡೆ ಹಿಡಿದು ವಾಪಸ್ಸು ಬರುತ್ತಿತ್ತು. ಮಕ್ಕಳು ಎಷ್ಟು ಚೆನ್ನಾಗಿ ಕಲಿತರು ಎಂದರೆ ಮೇಷ್ಟ್ರಿಗೇ ಬೆರಗು. ಕರೆಂಟ್ ತಂತಿಯ ಮೇಲಿನ ಕಾಜಾಣವನ್ನು ಅದರ ಸೀಳುಬಾಲ ನೋಡಿ ಹೇಳಿದರು. ಚರಂಡಿಯಲ್ಲಿ ತಪಸ್ಸಿಗೆ ಕೂತಂತೆ ನಿಲ್ಲುವ ಕೊಕ್ಕರೆ, ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತ, ಚಡ್ಡಿಗೆ ಅಂಟಿಕೊಂಡು ಬರುವ ಉತ್ತರಾಣಿ, ಸೈಕಲ್ ಟೈರಿಗೆ ಚುಚ್ಚುವ ನೆಗ್ಗಿಲು, ಎಕ್ಕದ ಎಲೆ ಮೇಯುವ ಪಟ್ಟೆಪಟ್ಟೆ ಹುಳ ಎಲ್ಲ ನೋಟ್‌ಬುಕ್ಕಿಗೆ ಬಂದವು. ಬಾರದೇ ಉಳಿದದ್ದು ಗುಬ್ಬಿ ಒಂದೇ. ಹನ್ನೆರಡು ಶುಕ್ರವಾರ, ಹನ್ನೆರಡು ಸೊನ್ನೆ. ಐದನೇ ವಾರ ಒಬ್ಬ ಹುಡುಗ ಏನೋ ಪುರ್ರೆಂದದ್ದು ಕಂಡೆ ಎಂದಿದ್ದ. ಅನುಮಾನ ಇದ್ದುದರಿಂದ ಮೇಷ್ಟ್ರು ಅದನ್ನು ಬರೆಯಗೊಡಲಿಲ್ಲ.

ಎರಡನೇ ವಾರವೇ ಒಂದು ಘಟನೆ ನಡೆದಿತ್ತು. ಬಳಗದಲ್ಲಿ ನಿಖತ್ ಎಂಬ ಹುಡುಗಿ ಇದ್ದಳು. ಭಟ್ಟಿ ಓಣಿಯ ಶಬ್ಬೀರನ ಮಗಳು, ಮಾತು ಕಡಿಮೆ, ಅಕ್ಷರ ದುಂಡಗೆ. ಅವತ್ತು ಎಲ್ಲರೂ ಅವಳ ಮನೆಯ ಮುಂದೆಯೇ ನಿಂತು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದಿದ್ದರು. ಭಟ್ಟಿಯ ಕದ ಹಾಕಿತ್ತು, ಅಂಗಳ ಗುಡಿಸಿ ನೀರು ಹಾಕಿದಂತಿತ್ತು, ಹೊಗೆ ಇಲ್ಲ, ಗುಬ್ಬಿಯೂ ಇಲ್ಲ. ಆಗ ನಿಖತ್ ಮೆಲ್ಲಗೆ, “ಇವತ್ತು ಶುಕ್ರವಾರ ಅಲ್ಲೇನ್ರಿ ಸರ್,” ಎಂದಿದ್ದಳು. “ಹೌದಮ್ಮ, ಶುಕ್ರವಾರ. ಅದಕ್ಕೇ ಬಂದಿರೋದು,” ಎಂದು ಮೇಷ್ಟ್ರು ‘ಸೊನ್ನೆ’ ಬರೆಸಿದ್ದರು.

ಮಾರನೇ ವಾರ ನೋಟ್‌ಬುಕ್ ತಿದ್ದುವಾಗ ಅವಳ ಪುಸ್ತಕದ ಮೊದಲ ಪುಟದಲ್ಲಿ, ‘ಬುಧವಾರ, ಬೆಳಿಗ್ಗೆ ಏಳು ಗಂಟೆ, ನಮ್ಮ ಮನೆ. ಗುಬ್ಬಿ 63’ ಎಂದಿತ್ತು. ಮೇಷ್ಟ್ರ ಮೈ ಉರಿದುಹೋಯಿತು. ಇಪ್ಪತ್ತೆರಡು ಮಂದಿ ನಿಂತು ನೋಡಿದ ಜಾಗದಲ್ಲಿ ಅರವತ್ತಮೂರು ಗುಬ್ಬಿ! ಅರವತ್ತೂ ಅಲ್ಲ, ಎಪ್ಪತ್ತೂ ಅಲ್ಲ, ನಂಬಿಸಲಿಕ್ಕೆ ಎಂದೇ ಆ ಮೂರು ಬೇರೆ.

“ಸಾಕ್ಷಿ ಎಲ್ಲೈತೆ?” ಎಂದು ಕ್ಲಾಸಿನ ನಡುವೆ ನಿಲ್ಲಿಸಿ ಕೇಳಿದರು.

“ದಿನಾ ಬರ್ತಾವ್ರಿ ಸರ್.”

“ನಾವೆಲ್ಲ ಕಣ್ಣಾರೆ ನೋಡಿ ಬಂದೀವಿ. ನಮಗೆಲ್ಲ ಕಣ್ಣಿಲ್ಲೇನು?”

ಹುಡುಗಿ ತಲೆ ತಗ್ಗಿಸಿದಳು. ಮೇಷ್ಟ್ರು ಆ ಸಾಲಿಗೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಸುಳ್ಳು ಲೆಕ್ಕ’ ಎಂದು ಬರೆದು, ಹರಿಹರಕ್ಕೆ ಹೋಗುವವರ ಪಟ್ಟಿಯಿಂದ ಅವಳ ಹೆಸರು ತೆಗೆದರು. ಪುಟ ತಿರುವಿ ಮುಂದೇನಿದೆ ಎಂದು ನೋಡಲಿಲ್ಲ. ನಿಖತ್ ಮತ್ತೆ ಬಳಗಕ್ಕೆ ಬರಲಿಲ್ಲ. ಶುಕ್ರವಾರ ಆ ಎರಡು ಪೀರಿಯಡ್ ವಾಚನಾಲಯದಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಸಾಲು ಹೊರಡಿಸುವಾಗ ಮೇಷ್ಟ್ರಿಗೆ ಒಮ್ಮೊಮ್ಮೆ ಅದರ ಕಿಟಕಿಯಿಂದ ಅವಳ ಜಡೆ ಕಾಣುತ್ತಿತ್ತು. ಕಂಡಾಗ ಸ್ವಲ್ಪ ಬೇಜಾರಾಗುತ್ತಿತ್ತು, ಆದರೆ ವಿಜ್ಞಾನದಲ್ಲಿ ಸುಳ್ಳಿಗೆ ಜಾಗವಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಹೀಗೆ ಗುಬ್ಬಿ ಸತ್ತಿತು. ಹರಿಹರದ ಸಮಾವೇಶಕ್ಕೆ ವರದಿ ಹೋಯಿತು, ಫ್ಲೆಕ್ಸ್ ಬಂತು.

ಮಂಗಳವಾರ ಸಂಜೆ ಮೇಷ್ಟ್ರು ಭಾಷಣದ ಕೊನೆಯ ಸಾಲುಗಳನ್ನು ಜೋರಾಗಿ ಓದಿಕೊಳ್ಳುತ್ತಿದ್ದರು. “ಓ ಗುಬ್ಬಚ್ಚಿಯೇ, ಎಲ್ಲಿ ಹೋದೆ ನಮ್ಮನ್ನು ತೊರೆದು...” ಅಕ್ಕನಾಗಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು.

“ಗುರುವಾರ ಮಕ್ಕಳು ಮಧ್ಯಾಹ್ನಕ್ಕೆ ಏನ್ ತಿಂತಾವೆ?”

“ಮಂಡಕ್ಕಿ ಖಾರ ಕಲಸಿ ಒಯ್ಯಾಣ ಅಂತ ಮಾಡೀನಿ.”

“ಅಂಗಡೀದು ಬ್ಯಾಡ. ಭಟ್ಟಿಗೇ ಹೋಗಿ ಬಿಸಿಬಿಸೀದು ತರ್ರಿ. ಮೊನ್ನೆ ಶುಕ್ರವಾರ ತಂದಿದ್ರಲ್ಲ, ಮೆತ್ತಗೆ ಬೆಂಡು ಬೆಂಡು. ಮತ್ತೆ ಎಂದಿನಂಗೆ ಶುಕ್ರವಾರ ಮಿಲ್ಲಿಗೆ ಅಂತ ಜೋಳ ಒಣಗಿಸ್ಬೇಕು, ಒಂದು ದೊಡ್ಡ ತಾಡಪಾಲು ನೋಡ್ರಿ. ತಾರಸಿ ಮ್ಯಾಲೆ ಹಕ್ಕಿ ಕಾಟ ವಿಪರೀತ ಆಗೈತೆ. ಚೆಲ್ಲಿದ್ದೆಲ್ಲ ಖಾಲಿ ಮಾಡ್ತಾವೆ.”

“ಹೂಂ,” ಎಂದರು ಮೇಷ್ಟ್ರು. ಯಾವ ಹಕ್ಕಿ ಎಂದು ಕೇಳಲಿಲ್ಲ. ಅವರ ಮನಸ್ಸೆಲ್ಲ ಸತ್ತ ಗುಬ್ಬಿಯ ಮೇಲಿತ್ತು. ಮೆತ್ತಗಿನ ಮಂಡಕ್ಕಿಯ ವಿಷಯ ಮಾತ್ರ ನೆನಪಿತ್ತು, ಯಾಕೆಂದರೆ ಆ ಬಗ್ಗೆ ಅವರು ಅಂಗಡಿಯವನ ಜೊತೆ ನಾಲ್ಕಾರು ಸಲ ಜಗಳವನ್ನೇ ಆಡಿದ್ದರು. ವಾರವೆಲ್ಲ ಗರಿಗರಿ ಇರುವ ಮಂಡಕ್ಕಿ ಶುಕ್ರವಾರ ಮಾತ್ರ ಯಾಕೆ ಮೆತ್ತಗಿರುತ್ತದೆ ಎಂದು ಒಂದು ಸಲವಾದರೂ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಾಕ್ಷಿ ಕಾಗದದ ಪೊಟ್ಟಣದಲ್ಲಿ ಕೈಗೇ ಬಂದಾಗ ನಮ್ಮ ಮೇಷ್ಟ್ರು ಅದಕ್ಕೆ ಈರುಳ್ಳಿ ಹಾಕಿಕೊಂಡು ತಿಂದುಬಿಟ್ಟಿದ್ದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಸ್ಕೂಟರ್ ಭಟ್ಟಿ ಓಣಿಗೆ ತಿರುಗಿತು. ಶುಕ್ರವಾರಗಳಂದು ಬಿಕೋ ಎನ್ನುತ್ತಿದ್ದ ಓಣಿ ಇದೇನಾ ಎಂದು ಅವರಿಗೆ ಅನುಮಾನ ಬಂತು. ಎಲ್ಲ ಚಿಮಣಿಗಳಿಂದ ಹೊಗೆ. ಕೈಗಾಡಿ, ಮೂಟೆ, ಕಾದ ಉಸುಕಿನ ವಾಸನೆ. ಪ್ರತಿ ಅಂಗಳದಲ್ಲೂ ಉಪ್ಪುನೀರು ಹಾಕಿದ ಅಕ್ಕಿ ಹರವಿತ್ತು. ಮತ್ತೆ ಆ ಅಕ್ಕಿಯ ಸುತ್ತ, ಅಕ್ಕಿಯ ಮೇಲೆ, ಶೀಟಿನ ಅಂಚಿನಲ್ಲಿ, ಬೇವಿನ ಕೊಂಬೆಯಲ್ಲಿ, ಗೋಡೆಯ ಸಂದಿನಲ್ಲಿ ಗುಬ್ಬಿ. ಬರೀ ಗುಬ್ಬಿ. ಚಿಂವ್ ಚಿಂವ್ ಸದ್ದಿಗೆ ಸ್ಕೂಟರಿನ ಸದ್ದು ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತರು. ಅವರು ನಿಂತದ್ದು ಶಬ್ಬೀರನ ಮನೆಯ ಮುಂದೆಯೇ.

ಜಗಲಿಯಲ್ಲಿ ಜರಡಿ ಹಿಡಿದು ಕೂತಿದ್ದ ಮುದುಕಿ ಅವರನ್ನು ದಿಟ್ಟಿಸಿ ನೋಡಿದಳು. ಶಬ್ಬೀರನ ತಾಯಿ, ಖತೀಜಾಬೀ.

“ಬರ್ರಿ, ಕೂಡ್ರಿ. ನೀವು ಶಾಲೆ ಮೇಷ್ಟ್ರಲ್ಲೇನ್ರಿ? ಗೇಟಿಗೆ ಫೋಟೋ ಕಟ್ಟಿರಲ್ಲ? ನಾನು ಸೋಮವಾರ ಆ ಕಡೆ ಬಂದಿದ್ದೆ. ಹಾರ, ದೀಪ ಎಲ್ಲ ನೋಡಿ, ಯಾರೋ ದೊಡ್ಡೋರು ಹೋದ್ರು ಅಂತ ಜೀವ ಧಸಕ್ ಅಂತು. ಹತ್ರ ಹೋಗಿ ನೋಡಿದ್ರೆ ಗುಬ್ಬಿ! ಅದಕ್ಕೇನಾಗಿತ್ರಿ ಪಾಪ?”

ಮೇಷ್ಟ್ರು ಅಕ್ಕಿಯ ಕಡೆ ಕೈ ತೋರಿಸಿದರು. “ಇವು... ದಿನಾ ಬರ್ತಾವೇನ್ರಿ?”

“ನಾನು ಮದುವೆ ಆಗಿ ಬಂದಾಗಿಂದ ಬರ್ತಾವೆ. ಜುಮ್ಮಾ, ಶುಕ್ರವಾರ ಒಂದಿನ ಬರಲ್ಲ. ಅವತ್ತು ಭಟ್ಟಿ ಛುಟ್ಟಿ, ಗುರುವಾರ ಸಂಜೇನೇ ಅಂಗಳ ತೊಳೆದು ಬಿಡ್ತೀವಿ. ಕಾಳುದಾಣಾ ಇಲ್ಲ, ಮೆಹಮಾನ್ ನೆಂಟ್ರೂ ಇಲ್ಲ.” ಅಜ್ಜಿ ನಕ್ಕು, ಜರಡಿಯ ಅಂಚಿಗೆ ಕೈಯಿಂದ ದಬದಬ ಬಡಿದಳು. ಅಷ್ಟೂ ಗುಬ್ಬಿ ಒಮ್ಮೆಲೇ ಎದ್ದು ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂತವು. ಮೇಷ್ಟ್ರು ಎಣಿಸಿದರು. ಐವತ್ತೆಂಟು.

ಎಣಿಸಿ ಕಣ್ಣು ಕೆಳಗಿಳಿಸಿದರೆ ಬಾಗಿಲಲ್ಲಿ ನಿಖತ್ ನಿಂತಿದ್ದಳು. ಯೂನಿಫಾರ್ಮ್ ಹಾಕಿ, ಒಂದು ಜಡೆ ಹೆಣೆದು, ಇನ್ನೊಂದು ಹೆಣೆಯುತ್ತಾ. ಬಗಲಲ್ಲಿ ಅದೇ ನೋಟ್‌ಬುಕ್. ಅವಳೂ ಎಣಿಸುತ್ತಿದ್ದಳು ಎಂದು ತುಟಿ ನೋಡಿದರೆ ತಿಳಿಯುತ್ತಿತ್ತು.

“ಇನ್ನೂ ಬರೀತೀಯೇನಮ್ಮ?” ಎಂದರು ಮೇಷ್ಟ್ರು.

ಅವಳು ಹೌದೆಂದು ತಲೆಯಾಡಿಸಿದಳು.

“ಕೊಡು, ನೋಡ್ತೀನಿ.”

ಹುಡುಗಿ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡಳು. “ಮತ್ತೆ ಗೀಟು ಹಾಕ್ತೀರೇನ್ರಿ ಸರ್?”

ಆ ಮಾತು ಮೇಷ್ಟ್ರಿಗೆ ಚುರುಕ್ಕೆಂದು ತಾಗಿತು. ಎರಡು ಚೀಲ ಮಂಡಕ್ಕಿ ಕಟ್ಟಿಸಿಕೊಂಡು ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಬಿಸಿ ಮಂಡಕ್ಕಿ ಮೊಣಕಾಲಿಗೆ ತಾಗುತ್ತಿತ್ತು. ಈ ಊರಿನಲ್ಲೇ ಹುಟ್ಟಿ, ಐವತ್ತನಾಲ್ಕು ವರ್ಷ ಇದೇ ಮಂಡಕ್ಕಿ ತಿಂದು, ಭಟ್ಟಿಗೆ ಶುಕ್ರವಾರ ರಜಾ ಎಂಬ ಸಂಗತಿ ಗೊತ್ತಿರಲಿಲ್ಲವಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಿದ ಹುಡುಗಿಯನ್ನು ಸುಳ್ಳಿ ಮಾಡಿ ಕೂರಿಸಿದೆನಲ್ಲ ಎಂದು ನಾಚಿಕೆಯಾಯಿತು.

ಆದರೂ ಮನುಷ್ಯ ಮನುಷ್ಯನೇ. ಶಾಲೆ ಮುಟ್ಟುವಷ್ಟರಲ್ಲಿ ಅವರ ತಲೆ ಬೇರೆ ದಾರಿಯನ್ನೂ ಹುಡುಕಿತು. ಹನ್ನೆರಡು ಶುಕ್ರವಾರ ಗುಬ್ಬಿ ಕಾಣಲಿಲ್ಲ ಎಂಬುದೇನೂ ಸುಳ್ಳಲ್ಲವಲ್ಲ? ಬರೆದದ್ದೆಲ್ಲ ಕಣ್ಣಾರೆ ನೋಡಿದ್ದೇ. ಹರಿಹರದಲ್ಲಿ ಇದನ್ನು ಕೆದಕುವವರು ಯಾರು? ಮುಖ್ಯೋಪಾಧ್ಯಾಯಿನಿ ನಯನಾ ಮೇಡಂಗೆ ವಿಷಯ ಹೇಳಿದಾಗ ಅವರೂ ಅದನ್ನೇ ಅಂದರು.

“ವರದಿ ಹೋಗಿ ಹದಿನೈದು ದಿನ ಆತು ಸರ್. ನಾಳೆ ಬೆಳಗಾದ್ರೆ ಪ್ರೋಗ್ರಾಂ. ಈಗ ನಮ್ದು ತಪ್ಪಾಗೈತೆ ಅಂತ ಮೈಕಿನಾಗೆ ಹೇಳಿದ್ರೆ ಮರ್ಯಾದೆ ಏನ್ ಉಳೀತದೆ? ಸುಮ್ನೆ ಹೋಗಿ ಬಂದುಬಿಡ್ರಿ.”

ಮೇಷ್ಟ್ರು ಕಿಟಕಿಯ ಆಚೆ ನೋಡಿದರು. ವಾಚನಾಲಯದ ಬೆಂಚು ಖಾಲಿ ಇತ್ತು. ಶುಕ್ರವಾರವಲ್ಲವಲ್ಲ.

“ನನ್ನ ಮರ್ಯಾದೆ ನಾಳೆ ಒಂದಿನ ಹೋಗ್ತದೆ ಮೇಡಂ. ಆ ಹುಡುಗೀದು ಮೂರು ತಿಂಗಳಿಂದ ಹೋಗೈತೆ.”

ನಯನಾ ಮೇಡಂ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಆಮೇಲೆ, “ಹಂಗಾರೆ ಆ ಫ್ಲೆಕ್ಸ್ ಮೊದ್ಲು ಬಿಚ್ಚಿಸ್ರಿ,” ಎಂದರು. “ನನ್ನ ಸ್ಟೇಟಸ್ಸಿನಾಗೆ ಬ್ಯಾರೆ ಹಾಕೀನಿ. ಎಷ್ಟು ಮಂದಿ ಕೈಮುಗಿದು ಕಳ್ಸ್ಯಾರೆ ಗೊತ್ತೇನು?”

ಮಧ್ಯಾಹ್ನ ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಹನ್ನೆರಡು ತಾರೀಖು ಬರೆದು, ಒಂದೊಂದರ ಕೆಳಗೂ ಒಂದೊಂದು ಸೊನ್ನೆ ಸುತ್ತಿದರು. “ಇದು ನಮ್ಮ ಗುಬ್ಬಿ ಲೆಕ್ಕ. ಇದರಾಗೆ ಒಂದು ತಪ್ಪೈತೆ. ಮಾಡಿದೋನು ನಾನು. ಹಿಡಿದು ತೋರಿಸಾಕೆ ಒಬ್ಬರಿಗೆ ಮಾತ್ರ ಬರ್ತದೆ. ನಿಖತ್, ಬಾರಮ್ಮ.” ಚಾಕ್‌ಪೀಸನ್ನು ಮೇಷ್ಟ್ರೇ ಅವಳ ಮುಂದೆ ಹಿಡಿದು ನಿಂತರು.

ಹುಡುಗಿ ಎದ್ದು ಬಂದಳು. ಅವಸರ ಮಾಡಲಿಲ್ಲ. ಮೊದಲ ತಾರೀಖಿನ ಮೇಲೆ ದುಂಡಗೆ ‘ಶುಕ್ರವಾರ’ ಎಂದು ಬರೆದಳು. ಎರಡನೆಯದರ ಮೇಲೂ ‘ಶುಕ್ರವಾರ’. ಮೂರನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ, “ಅಯ್ಯೋ, ಶುಕ್ರವಾರ ಭಟ್ಟಿ ರಜಾ ಅಲ್ಲೇನೋ!” ಎಂದು ಕೂಗಿದ. ಇಡೀ ಕ್ಲಾಸು ಗೊಳ್ಳೆಂದಿತು. ನಿಖತ್ ಹನ್ನೆರಡೂ ಬರೆದೇ ಚಾಕ್‌ಪೀಸ್ ಕೆಳಗಿಟ್ಟಳು.

“ನಿಮಗೆಲ್ಲ ಗೊತ್ತಿತ್ತೇನ್ರೋ?” ಎಂದು ಮೇಷ್ಟ್ರು ಕೇಳಿದರು.

“ಗೊತ್ತಿತ್ರಿ ಸರ್.”

“ಮತ್ತೆ ಯಾಕ ಹೇಳ್ಲಿಲ್ಲ?”

“ನೀವು ಗುಬ್ಬಿ ಬಗ್ಗೆ ಕೇಳಿದ್ರಿ, ಭಟ್ಟಿ ಬಗ್ಗೆ ಕೇಳ್ಲಿಲ್ರಿ.”

ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ನಗು ಅಡಗಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ, “ನಿಖತ್ ಬರೆದಿದ್ದು ನಿಜದ ಲೆಕ್ಕ. ಅದಕ್ಕೆ ಸುಳ್ಳು ಅಂತ ಬರೆದಿದ್ದು ನನ್ನ ತಪ್ಪು,” ಎಂದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳ ಕೈಗಿಟ್ಟರು. ಅವಳು ಬೆಂಚಿಗೆ ಹೋಗಿ, ನೋಟ್‌ಬುಕ್ ತೆರೆದು, ‘ಸುಳ್ಳು ಲೆಕ್ಕ’ ಎಂಬ ಎರಡು ಪದಗಳ ಮೇಲೆ ಅಡಿಕೋಲು ಇಟ್ಟು ನೇರವಾಗಿ ಒಂದು ಗೀಟು ಹಾಕಿದಳು. ಆಮೇಲೆ ತಾನಾಗಿಯೇ ಎದ್ದು ಬಂದು ಪುಸ್ತಕವನ್ನು ಮೇಷ್ಟ್ರ ಮೇಜಿನ ಮೇಲಿಟ್ಟಳು.

ಮೇಷ್ಟ್ರು ಎರಡನೆಯ ಪುಟ ತಿರುವಿದ್ದು ಅವತ್ತೇ ಮೊದಲು. ಸೋಮವಾರ 60. ಮಂಗಳವಾರ 57. ಮೋಡ ಇತ್ತು, 41. ಬೆಕ್ಕು ಬಂತು, ಎಣಿಸಲು ಆಗಲಿಲ್ಲ. ಗೋಡೆಯ ತೂತಿನಲ್ಲಿ ಮೂರು ಮರಿ. ಪ್ರತಿ ಶುಕ್ರವಾರಕ್ಕೆ ಒಂದೇ ಸಾಲು, ‘ಭಟ್ಟಿ ರಜಾ. ಗುಬ್ಬಿ ಬರಲಿಲ್ಲ.’ ಮೂರು ತಿಂಗಳು, ಒಂದು ದಿನವೂ ಬಿಟ್ಟಿರಲಿಲ್ಲ. ಬಳಗದಿಂದ ಹೊರಗುಳಿದ ಹುಡುಗಿ ಬಳಗದ ಮೂರೂ ನಿಯಮ ಪಾಲಿಸಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿಕೊಳ್ಳಬೇಕಾದದ್ದು ಕನ್ನಡಕ ಮಾತ್ರವಾಗಿರಲಿಲ್ಲ.

ಗುರುವಾರ ಹರಿಹರದ ಸಭಾಂಗಣದಲ್ಲಿ ಜನ ತುಂಬಿದ್ದರು. ಕಿಟಕಿಯಿಂದ ತುಂಗಭದ್ರೆ ಕಾಣುತ್ತಿತ್ತು. ನೀರು ಇಳಿದು ಬಂಡೆಗಳೆಲ್ಲ ಮೇಲೆ ಬಂದು, ಒಂದೊಂದು ಬಂಡೆಗೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು. ಲೋಕಿಕೆರೆ ಕಡೆಯ ಮಕ್ಕಳು ಹೊಲದ ಬದುವಿನಲ್ಲಿ ತಾವೇ ಕಿತ್ತು ತಂದ ಮೂವತ್ತೊಂದು ಬಗೆಯ ತಿನ್ನುವ ಸೊಪ್ಪನ್ನು ಮೇಜಿನ ಮೇಲೆ ಜೋಡಿಸಿ, ಒಂದೊಂದರ ಹೆಸರೂ ರುಚಿಯೂ ಹೇಳಿ ಎಲ್ಲರ ಬಾಯಲ್ಲಿ ನೀರೂರಿಸಿದ್ದರು. ಅದಾದ ಮೇಲೆ ದಾವಣಗೆರೆಯ ಹಸಿರು ಬಳಗದ ಸರದಿ. ವಾಮದೇವಪ್ಪನವರು ಮೈಕಿನ ಮುಂದೆ ನಿಂತು, “ನಾವು ಕಳಿಸಿದ ವರದಿ ತಪ್ಪು,” ಎಂದು ಶುರು ಮಾಡಿದರು. “ಗುಬ್ಬಿ ಇಲ್ಲ ಅಂತ ಬರೆದಿದ್ವಿ. ಇದಾವೆ. ರಜಾ ದಿನ ಹೋಗಿ ಹುಡುಕಿದ್ದು ನನ್ನ ತಪ್ಪು. ಸರಿಯಾಗಿ ಎಣಿಸಿದ ನಮ್ಮ ನಿಖತ್ ಈಗ ಮಾತಾಡ್ತಾಳೆ.” ಇಷ್ಟು ಹೇಳಿ ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತರು. ಓ ಗುಬ್ಬಚ್ಚಿಯೇ ಎಂಬ ಭಾಷಣ ಜೇಬಿನಲ್ಲೇ ಉಳಿಯಿತು.

ನಿಖತ್ ಮೈಕಿನ ಮುಂದೆ ನೋಟ್‌ಬುಕ್ ಬಿಚ್ಚಿಕೊಂಡು ನಿಂತಳು. ಹಾರಾಡುವ ಗುಬ್ಬಿ ಎಣಿಸುವುದು ಹೇಗೆ ಎಂದು ವಿವರಿಸಿದಳು. “ನೆಲದ ಮ್ಯಾಲೆ ಎಣಿಸಾಕೆ ಆಗಂಗಿಲ್ರಿ. ನಮ್ಮ ದಾದಿ, ಅಂದ್ರೆ ಅಜ್ಜಿ, ಜರಡಿ ಬಡಿತಾರೆ. ಎಲ್ಲ ಎದ್ದು ತಂತಿ ಮ್ಯಾಲೆ ಕೂಡ್ತಾವೆ. ತಿರುಗಿ ಇಳಿಯೋದ್ರಾಗೆ ಎಣಿಸಬೇಕ್ರಿ.” ಗೋಡೆಯ ತೂತು, ಬೆಕ್ಕು, ಮೂರು ಮರಿ, ಮೋಡದ ದಿನ, ಎಲ್ಲ ಹೇಳಿದಳು. ತೀರ್ಪುಗಾರರಾಗಿ ಬಂದಿದ್ದ ಕಾಲೇಜಿನ ಪ್ರಾಧ್ಯಾಪಕ ಕಾಂತರಾಜ್ ಮುಂದೆ ಬಾಗಿ ಕೇಳಿದರು.

“ಹಂಗಾರೆ ಶುಕ್ರವಾರ ಗುಬ್ಬಿಗಳು ಎಲ್ಲಿಗೆ ಹೋಗ್ತಾವಮ್ಮ? ಅವಕ್ಕೆ ಅವತ್ತು ಉಪವಾಸನಾ?”

ಸಭೆ ನಕ್ಕಿತು. ನಿಖತ್ ನಗಲಿಲ್ಲ. “ನೋಡಿಲ್ರಿ ಸರ್. ನೋಡದೆ ಹೇಳಾಕೆ ಬರಂಗಿಲ್ಲ,” ಎಂದಳು.

ಮೊದಲ ಬಹುಮಾನ ಲೋಕಿಕೆರೆಯ ಸೊಪ್ಪಿಗೆ ಹೋಯಿತು, ಹೋಗಬೇಕಾದದ್ದೇ. ಹಸಿರು ಬಳಗಕ್ಕೆ ಒಂದು ಸಮಾಧಾನಕರ ಪ್ರಮಾಣಪತ್ರ ಸಿಕ್ಕಿತು. ಮಕ್ಕಳು ಹೊಳೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಖಾರ ತಿಂದರು. ಗರಿಗರಿ ಇತ್ತು. ನಿಖತ್ ಒಂದು ಹಿಡಿ ತೆಗೆದು ಬಂಡೆಯ ಮೇಲೆ ಚೆಲ್ಲಿ, ಯಾವ ಹಕ್ಕಿ ಬರುತ್ತದೆ ಎಂದು ಕಾದು ಕೂತಳು. ಉಳಿದವರೂ ಸದ್ದು ಮಾಡದೆ ಅವಳ ಪಕ್ಕಕ್ಕೆ ಸರಿದರು. ವಾಮದೇವಪ್ಪನವರಿಗೆ ಅಷ್ಟು ನೆಮ್ಮದಿ ಈಚಿನ ವರ್ಷಗಳಲ್ಲಿ ಆಗಿರಲಿಲ್ಲ. ಬಿಚ್ಚಿಸಿದ ಫ್ಲೆಕ್ಸನ್ನು ಮಾತ್ರ ಏನು ಮಾಡುವುದೆಂದು ತಿಳಿಯದೆ ಸುರುಳಿ ಸುತ್ತಿ ಮನೆಯ ಮೆಟ್ಟಿಲ ಕೆಳಗೆ ಎಸೆದಿದ್ದರು.

ಶುಕ್ರವಾರ ಬೆಳಿಗ್ಗೆ ಎಂಟೂವರೆ. ಮೇಷ್ಟ್ರು ಶಾಲೆಗೆಂದು ಬೂಟು ಹಾಕುತ್ತಿದ್ದರು. ತಾರಸಿಯಿಂದ ಅಕ್ಕನಾಗಮ್ಮನ ದನಿ ಬಂತು.

“ರೀ, ಬರ್ರಿ ಇಲ್ಲಿ! ನಿಮ್ಮ ಸತ್ತ ಗುಬ್ಬಿ ಬಂದಾವೆ!”

ಮೇಷ್ಟ್ರು ಒಂದೇ ಬೂಟಿನಲ್ಲಿ ಮೆಟ್ಟಿಲು ಹತ್ತಿದರು. ತಾಡಪಾಲು ತರಲು ಗಂಡ ಮರೆತದ್ದರಿಂದ ಅಕ್ಕನಾಗಮ್ಮ ಮೆಟ್ಟಿಲ ಕೆಳಗಿದ್ದ ಸುರುಳಿಯನ್ನೇ ತಂದು ಹಾಸಿ, ಮೇಲೆ ಜೋಳ ಹರವಿದ್ದರು. ಭಾವಪೂರ್ಣ ಶ್ರದ್ಧಾಂಜಲಿಯ ಮೇಲೆ, ಗಂಧದ ಹಾರದ ಮೇಲೆ, ದುಃಖತಪ್ತ ಹಸಿರು ಬಳಗದ ಮೇಲೆ ಗುಬ್ಬಿಗಳು ಗುಂಪು ಗುಂಪಾಗಿ ಜೋಳ ಹೆಕ್ಕುತ್ತಿದ್ದವು. ಒಂದು ಗಂಡು ಗುಬ್ಬಿ ತನ್ನದೇ ಫೋಟೋದ ಕೊಕ್ಕಿನ ಮೇಲೆ ನಿಂತು ಕಾಳು ಒಡೆಯುತ್ತಿತ್ತು.

“ಪ್ರತಿ ಶುಕ್ರವಾರ ಹಿಂಗೇನೇ?” ಎಂದು ಪಿಸುಗುಟ್ಟಿದರು ಮೇಷ್ಟ್ರು.

“ವರ್ಷದಿಂದ ಬಡ್ಕೊಳ್ತಾ ಇದೀನಿ, ಹಕ್ಕಿ ಕಾಟ ಹಕ್ಕಿ ಕಾಟ ಅಂತ. ನೀವು ಹೂಂ ಅಂದ್ರಿ.”

“ಒಂದು ತಟ್ಟೆ ಬಡಿ.”

“ಏನು?”

“ತಟ್ಟೆ ಬಡಿ ಅಂದೆ!”

ಅಕ್ಕನಾಗಮ್ಮ ಗಂಡನನ್ನು ಒಮ್ಮೆ ನೋಡಿ, ಪಕ್ಕದಲ್ಲಿದ್ದ ಸ್ಟೀಲು ತಟ್ಟೆಯನ್ನು ಬಡಿದರು. ಗುಬ್ಬಿಗಳೆಲ್ಲ ಎದ್ದು ಕೇಬಲ್ಲಿನ ತಂತಿಯ ಮೇಲೆ ಸಾಲಾಗಿ ಕೂತವು. ನಲವತ್ತೊಂದು.

ಸ್ಕೂಟರ್ ಅವತ್ತು ಓಡಿದ ವೇಗಕ್ಕೆ ಇನ್ನೊಂದು ಫ್ಲೆಕ್ಸ್ ಬೇಕಾಗುತ್ತಿತ್ತು, ಸದ್ಯ ಹಾಗಾಗಲಿಲ್ಲ. ಗೇಟಿನಲ್ಲೇ ನಿಖತ್ ಸಿಕ್ಕಳು. ಮೇಷ್ಟ್ರು ಹೆಲ್ಮೆಟ್ಟಿನ ಒಳಗಿನಿಂದಲೇ ಕೂಗಿದರು.

“ಸಿಕ್ಕವು ಕಣಮ್ಮ! ನಲವತ್ತೊಂದು! ನಿಮ್ಮ ಭಟ್ಟಿ ಗುಬ್ಬಿ ಶುಕ್ರವಾರ ನಮ್ಮ ತಾರಸಿಗೆ ಬರ್ತಾವೆ! ನಮ್ಮನೇಲಿ ಜೋಳ ಒಣಗಿಸೋದೂ ಶುಕ್ರವಾರಾನೇ!”

ನಿಖತ್‌ಳ ಮುಖ ಅರಳಿತು. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು, ಪೆನ್ನಿನ ಮುಚ್ಚಳ ತೆಗೆದಳು, ಶುಕ್ರವಾರ ಎಂದು ಬರೆದಳು. ಅಲ್ಲಿಗೆ ಅವಳ ಪೆನ್ನು ನಿಂತಿತು. ಸಂಕೋಚದಿಂದಲೇ, ಆದರೆ ಮೇಷ್ಟ್ರ ಕಣ್ಣನ್ನೇ ನೋಡುತ್ತಾ ಕೇಳಿದಳು.

“ಅವು ನಮ್ಮ ಗುಬ್ಬಿನೇ ಅನ್ನಾಕೆ ಸಾಕ್ಷಿ ಎಲ್ಲೈತ್ರಿ ಸರ್?”

ವಾಮದೇವಪ್ಪನವರು ಹೆಲ್ಮೆಟ್ ತೆಗೆದರು. ಇಪ್ಪತ್ತೆಂಟು ವರ್ಷದಿಂದ ಸಾವಿರಾರು ಮಕ್ಕಳಿಗೆ ಅವರು ಈ ಪ್ರಶ್ನೆ ಕೇಳಿದ್ದರು. ತಿರುಗಿ ಅವರಿಗೆ ಅದನ್ನು ಕೇಳಿದ ಮಗು ಇದೇ ಮೊದಲನೆಯದು. ಅವರಿಗೆ ಎದೆ ತುಂಬಿ ಬಂತು.

“ಇಲ್ಲಮ್ಮ,” ಎಂದರು.

“ಹಂಗಾರೆ ಬರೀಲೋ ಬ್ಯಾಡವೋ?”

“ಬರೀಬ್ಯಾಡ,” ಎಂದರು ಮೇಷ್ಟ್ರು. “ಮುಂದಿನ ಶುಕ್ರವಾರ ಎಲ್ಲರೂ ನಮ್ಮ ಮನೆಗೆ ಬರ್ರಿ, ನೋಡಾಣ.”